ಹವಾಯಿಯ ಕಲ್ಲಿಗೆ ಹಳಿಯಾಳದ ಕುಂಕುಮ

ಹವಾಯಿಯಲ್ಲಿ ನಾನು ಪೂಜೆ ಮಾಡಲಿಲ್ಲ, ಬೇರೆಯವರ ದೇವರ ಕಟ್ಟೆ ಹೊಲಸು ಮಾಡಿದೆ. ನಡೆದದ್ದು ಇಷ್ಟೇ.

ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಹಳಿಯಾಳದ ನಮ್ಮ ಬಳಗದ ವಾಟ್ಸಾಪ್‌ನಲ್ಲಿ ಬೇರೆಯೇ ಕಥೆ ಓಡುತ್ತಿದೆ. ಕಲ್ಲಿನ ಮುಂದೆ ನಾನು ಕೈಮುಗಿದು ನಿಂತ ಫೋಟೋ, ಕೆಳಗೆ ‘ಕಡಲಾಚೆ ನಮ್ಮ ಸಂಸ್ಕೃತಿ’ ಎಂಬ ಸಾಲು. ಕಾಲಿಗೆ ಬೀಳಲು ಮನೆಗೇ ಬಂದವರೂ ಇದ್ದಾರೆ. (ಚಹಾ ಕುಡಿಸಿ ಕಳಿಸಿದೆ.)

ಮೊಮ್ಮಗಳು ಅಶ್ವಿನಿಯ ಕೂಸನ್ನು ನೋಡಿಕೊಳ್ಳಲು ಹೋಗಿದ್ದೆ. ಅವಳ ಗಂಡ ಜೋಯಿಡಾದವನು, ಅಲ್ಲಿ ಹೋಟೆಲಿನಲ್ಲಿ ಅಡುಗೆ ಮಾಡುತ್ತಾನೆ. ದಾಂಡೇಲಿಯ ಬಂಗೂರನಗರ ಕಾಲೇಜಿನಲ್ಲಿ ಗಿಡಮರದ ಪಾಠ ಓದಿದ ಇವಳಿಗೆ ಒಂದು ಕಣಿವೆಯ ತೋಟದಲ್ಲಿ ಕೆಲಸ ಸಿಕ್ಕಿತ್ತು. ಇನ್ನೂ ಟೆಂಪರರಿ.

ಆ ಕಣಿವೆ ಅಲ್ಲಿನ ಮೂಲದ ಜನಕ್ಕೆ ನಮಗೆ ಚೆನ್ನಬಸವಣ್ಣನ ಉಳವಿ ಇದ್ದ ಹಾಗೆ. ಕಾಡು, ಹೊಳೆ, ಜಲಪಾತ. ನಡುವೆ ಅವರ ಹಿರಿಯರು ಕಟ್ಟಿದ ಕರಿಕಲ್ಲಿನ ಕಟ್ಟೆ. ಅದೇ ಗುಡಿ. ಚಾವಣಿ ಇಲ್ಲ, ಗಂಟೆ ಇಲ್ಲ.

ಅಶ್ವಿನಿ ರಜೆಯ ದಿನ ಕರೆದುಕೊಂಡು ಹೋದಳು. ಏನೂ ಮುಟ್ಟಬೇಡ ಎಂದು ಹೇಳಿ, ಕೂಸಿನ ಡೈಪರ್ ಬದಲಿಸಲು ಆಚೆ ನಡೆದಳು.

ನನಗೆ ಕಂಡದ್ದೇನು? ದಿಕ್ಕಿಲ್ಲದ ದೇವರು. ಒಂದು ಹೂವಿಲ್ಲ, ದೀಪವಿಲ್ಲ. ಕಲ್ಲು ಸ್ವಲ್ಪ ಗುಂಡಗೆ ಕಂಡರೂ ವಿಭೂತಿ ಹಚ್ಚದೆ ಮುಂದೆ ಹೋಗದ ಮಂದಿ ನಾವು. ಸಂಚಿಯಲ್ಲಿ ವಿಭೂತಿ, ಕುಂಕುಮ ಇದ್ದವು. ದೇವರ ಜಾಗ ಎಂದಿದ್ದಳಲ್ಲ, ಕಾಯಿಯನ್ನೂ ತಂದಿದ್ದೆ. ಎಲ್ಲ ಏರಿಸಿ, ಕಟ್ಟೆಯ ಮೂಲೆಗೇ ಕಾಯಿ ಒಡೆದೆ. ಸರಿಯಾಗಿ ಎರಡು ಹೋಳು! ದಾರಿಯಲ್ಲಿ ಹೊರಟಿದ್ದ ಟೂರಿಸ್ಟ್ ಒಬ್ಬನ ಕೈಗೆ ಫೋನ್ ಕೊಟ್ಟು ಫೋಟೋ ತೆಗೆಸಿದೆ. ಬಳಗಕ್ಕೆ ಕಳಿಸಿಯೂ ಬಿಟ್ಟೆ.

ಆಮೇಲೆ ಬಂದಳು ಆ ಕಟ್ಟೆ ನೋಡಿಕೊಳ್ಳುವ ಮುದುಕಿ. ನನ್ನದೇ ವಾರಿಗೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಆಕೆ ಕಲ್ಲು ನೋಡಿದಳು, ಕಾಯಿ ನೋಡಿದಳು, ಕೂಸನ್ನು ಎತ್ತಿಕೊಂಡು ಓಡಿ ಬಂದ ಅಶ್ವಿನಿಯನ್ನು ನೋಡಿದಳು. ಇವಳ ಮುಖ ಇಳಿದುಹೋಯಿತು.

ಮುದುಕಿ ಹೇಳಿದ್ದನ್ನು ಅಶ್ವಿನಿ ನಮ್ಮ ಮಾತಿಗೆ ತಂದಳು. “ಇಲ್ಲಿ ನಮ್ಮ ಹಿರ್ಯಾರು ಅದಾರ. ಅವರಿಗೆ ಏನು ಕೊಡಬೇಕು, ಯಾವಾಗ ಕೊಡಬೇಕು, ನಮಗ ಗೊತ್ತೈತಿ. ನಿಮ್ಮನಿ ದೇವರ ಜಗಲಿ ಮ್ಯಾಲ ನಾ ಬಂದು ಏನರ ಬಳದ್ರ ಸುಮ್ನಿರ್ತೀರೇನು?”

ಸುಮ್ಮನಿರುತ್ತಿದ್ದೆನೇ? ಕೈ ಮುರಿಯುತ್ತಿದ್ದೆ.

ದಾಂಡೇಲಿಗೆ ಬಂದು ಕಾಳಿ ಹೊಳೆಯ ಬಂಡೆಯ ಮೇಲೆ ಚಿಪ್ಸ್ ಪಾಕೀಟು ಬಿಸಾಡುವವರನ್ನು ಇದೇ ಅಂಕಣದಲ್ಲಿ ನಾನು ಬೈದದ್ದು ನಿಮಗೆ ನೆನಪಿರಬಹುದು. ಪಾಪ, ಅವರು ದೇವರ ಹೆಸರು ಹೇಳಿ ಬಿಸಾಡುವುದಿಲ್ಲ. ಪಾಕೀಟು ಗಾಳಿಗಾದರೂ ಹಾರಿಹೋಗುತ್ತದೆ.

ಮುದುಕಿ ಇದನ್ನು ತೋಟದ ಮೇಲಿನವರಿಗೆ ತಿಳಿಸಲೇಬೇಕಂತೆ. ಕಟ್ಟೆಗೆ ಕೈಹಚ್ಚಿದವರನ್ನು ಕೆಲಸದಲ್ಲಿ ಇಟ್ಟುಕೊಳ್ಳುವುದಿಲ್ಲವಂತೆ. ಅಶ್ವಿನಿ ಮನೆಗೆ ಬಂದವಳೇ ತಪ್ಪನ್ನು ತಲೆಗೆ ಕಟ್ಟಿಕೊಳ್ಳಲು ಹೊರಟಳು.

“ನಾನ ಮಾಡೀನಿ ಅಂತ ಹೇಳ್ತೇನಿ, ಆಯಿ. ನಿನಗ ಇಂಗ್ಲಿಷ್ ಬರೂದಿಲ್ಲ, ನೀ ಸುಮ್ನಿರು.”

“ಉಜ್ಜಾಕ ಇಂಗ್ಲಿಷ್ ಯಾತಕ್ಕ ಬೇಕು?” ಎಂದೆ.

ಮರುದಿನ ಬೆಳಿಗ್ಗೆ ಅವಳ ಜೊತೆಗೇ ಹೋದೆ. ಮುದುಕಿಯ ಮುಂದೆ ನಿಂತು ಮೊದಲು ನನ್ನ ಎದೆ ಮುಟ್ಟಿ ತೋರಿಸಿದೆ, ಆಮೇಲೆ ಕಲ್ಲು ತೋರಿಸಿದೆ. ಅವಳಿಗೆ ತಿಳಿಯಿತು. ಮೇಲಿನವರಿಗೆ ನಿನ್ನದಲ್ಲ, ನಿನ್ನ ಆಯಿಯ ಹೆಸರನ್ನೇ ಹೇಳುತ್ತೇನೆ ಎಂದು ಅಶ್ವಿನಿಗೆ ಹೇಳಿ, ಬಕೆಟ್ಟು, ಬ್ರಷ್ಷು ತಂದು ನನ್ನ ಮುಂದಿಟ್ಟಳು. ಜ್ವಾಲಾಮುಖಿಯ ಕಲ್ಲು, ದೋಸೆಯ ಹಾಗೆ ಮೈತುಂಬ ತೂತು. ಪ್ರತಿ ತೂತಿನಲ್ಲೂ ಹಳಿಯಾಳದ ಕುಂಕುಮ. ಮೊಣಕಾಲೂರಿ, ತಲೆ ಬಗ್ಗಿಸಿ, ಬಿಸಿಲೇರುವ ತನಕ ಉಜ್ಜಿದೆ.

ಆಗ ಯಾರಾದರೂ ಫೋಟೋ ತೆಗೆದಿದ್ದರೆ ಬಳಗದವರು ಅದರ ಕೆಳಗೆ ಏನು ಬರೆಯುತ್ತಿದ್ದರು?