ಹುಲಿ ಬುಗ್ಗೆಯ ನೀರು ಚೆಲ್ಲಿದ ವಾರ

ಎದೆಯಲ್ಲಿ ಸಿಕ್ಕ ಗಂಟಿನ ಪರೀಕ್ಷೆ ಮುಗಿಸಿ ಫಲಿತಾಂಶಕ್ಕೆ ಕಾಯುತ್ತಿದ್ದ ವಾರ ಅದು. ಕ್ರೋಯ್ಡನ್ನಿನ ನಮ್ಮ ಫ್ಲಾಟಿನಲ್ಲಿ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಗಂಡ ಕೆಲಸಕ್ಕೆ ಹೋದ ಮೇಲೆ ಫೋನ್ ಹಿಡಿದು ಕಾರಿಡಾರಿನಲ್ಲಿ ಲಿಫ್ಟಿನಿಂದ ಕಿಟಕಿಗೆ, ಕಿಟಕಿಯಿಂದ ಲಿಫ್ಟಿಗೆ ತಿರುಗುತ್ತಿದ್ದೆ.

ಮೂರನೆಯ ದಿನ ಎದುರು ಫ್ಲಾಟಿನ ಚೀನೀ ಅಜ್ಜಿ ಬಾಗಿಲು ತೆರೆದರು. ಅಲ್ಲಿಯವರೆಗೆ ನಮ್ಮದು ಬರೀ ನಗುವಿನ ಪರಿಚಯ.

"ನಿನ್ನ ಚಪ್ಪಲಿ ಸದ್ದಿಗೆ ನನಗೇ ತಲೆ ಸುತ್ತುತ್ತಿದೆ. ಒಳಗೆ ಬಾ, ಟೀ ಕುಡಿ," ಅಂದರು, ತುಂಡು ತುಂಡು ಇಂಗ್ಲಿಷಿನಲ್ಲಿ.

ಮೇಜಿನ ಮೇಲೆ ಅರ್ಧ ಬಾಟಲಿ ನೀರಿತ್ತು. ಅವರ ಊರು ಹಾಂಗ್‌ಝೌನಿಂದ ತಂಗಿಯ ಮಗಳು ಸ್ವೆಟರಿನಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ತಂದದ್ದಂತೆ.

"ಇಲ್ಲಿನ ನಲ್ಲಿ ನೀರಲ್ಲಿ ಸುಣ್ಣ. ಟೀ ಮೇಲೆ ಪೊರೆ ಕಟ್ಟುತ್ತದೆ. ನಮ್ಮೂರ ಗುಡ್ಡದ ಬುಡದಲ್ಲಿ ಹಳೆಯ ಬುಗ್ಗೆಯಿದೆ. ನೀರಿಲ್ಲದ ಸನ್ಯಾಸಿಗಾಗಿ ಎರಡು ಹುಲಿಗಳು ನೆಲ ಕೆದರಿ ನೀರು ಬರಿಸಿದವಂತೆ. ನಮ್ಮ ಹಸಿರು ಟೀಗೆ ಆ ನೀರೇ ಆಗಬೇಕು. ಈಗಲೂ ಜನ ಬೆಳಗಾಗೆದ್ದು ಕ್ಯಾನ್ ಹಿಡಿದು ಸಾಲು ನಿಲ್ಲುತ್ತಾರೆ. ನಾನೂ ನಿಂತವಳೇ."

ಕಪ್ಪಿಗೆ ನೀರು ತುಂಬಿದರು. ಅದು ಅಂಚು ಮೀರಿ ಉಬ್ಬಿ ನಿಂತಿತು. "ನೋಡು, ಚೆಲ್ಲುವುದಿಲ್ಲ."

ಅಷ್ಟರಲ್ಲಿ ಕೈಯಲ್ಲಿದ್ದ ಫೋನ್ ನಡುಗಿತು. ದಡಕ್ಕನೆ ಎದ್ದೆ. ಮೊಣಕೈ ತಗುಲಿ ಬಾಟಲಿ ಉರುಳಿ, ನೀರೆಲ್ಲ ಕಾರ್ಪೆಟ್ಟಿನ ಪಾಲಾಯಿತು. ನೋಡಿದರೆ ಹಲ್ಲಿನ ಡಾಕ್ಟರರ ರಿಮೈಂಡರ್!

ನನಗೆ ಅಳು ಒತ್ತರಿಸಿ ಬಂತು. ಗಂಡನನ್ನು ಬಿಟ್ಟು ಬೇರೆ ಯಾರಿಗೂ ಹೇಳದಿದ್ದ ಗಂಟಿನ ವಿಷಯ ಬಾಯಿಂದ ಹೊರಬಿತ್ತು. ಅಜ್ಜಿ ಟವೆಲ್ ಎಸೆದು, "ನೀನು ಆ ಕಡೆ ಒತ್ತು," ಅಂದರು. ಆಮೇಲೆ ಕಪ್ಪಿನಲ್ಲಿ ಉಳಿದಿದ್ದ ನೀರನ್ನೇ ಕಾಯಿಸಿ, ಎಲೆ ಹಾಕಿ ಇಬ್ಬರಿಗೂ ಹಂಚಿದರು. ರುಚಿ ಗೊತ್ತಾಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ಒಂದೇ ಗುಟುಕಿಗೆ ಕುಡಿದು ಎದ್ದುಬಿಟ್ಟೆ.

ಮರುದಿನ ಅಂಗಡಿ ಅಂಗಡಿ ಅಲೆದು ಐದು ಬಗೆಯ ಬಾಟಲಿ ನೀರು ಹೊತ್ತು ತಂದೆ. ಅಜ್ಜಿ ಐದರಲ್ಲೂ ಟೀ ಮಾಡಿ ಸಾಲಾಗಿ ಇಟ್ಟರು. ಒಂದಕ್ಕೆ ಮುಖ ಸಿಂಡರಿಸಿದರು, ಇನ್ನೊಂದನ್ನು ಸಿಂಕಿಗೆ ಸುರಿದರು. ಸ್ಕಾಟ್ಲೆಂಡಿನ ಗುಡ್ಡದ ನೀರಿನ ಟೀಯನ್ನು ಮಾತ್ರ ಎರಡು ಸಲ ಕುಡಿದರು.

"ಇದು ನಮ್ಮ ಬುಗ್ಗೆಯಲ್ಲ. ಆದರೆ ಎಲೆಯ ಜೊತೆ ಜಗಳಕ್ಕೆ ನಿಲ್ಲುವುದಿಲ್ಲ."

ಶುಕ್ರವಾರ ಮಧ್ಯಾಹ್ನ ಆಸ್ಪತ್ರೆಯಿಂದ ಕರೆ ಬಂದಾಗಲೂ ಅವರ ಅಡುಗೆಮನೆಯಲ್ಲೇ ಇದ್ದೆ. ಕ್ಯಾನ್ಸರ್ ಅಲ್ಲ ಎಂದಳು ನರ್ಸ್. ಮೂರು ಸಲ ಹೇಳಿಸಿಕೊಂಡೆ.

"ಒಳ್ಳೆಯ ಸುದ್ದಿಯಾ?" ಅಜ್ಜಿ ಕೇಳಿದರು.

"ಒಳ್ಳೆಯದೇ."

"ಹಾಗಾದರೆ ಕೂತುಕೋ."

ಕೂರಲಾಗಲಿಲ್ಲ. ನಿಂತೇ ಗಂಡನಿಗೆ ಫೋನ್ ಹಚ್ಚಿದೆ. ಅವರು ರೈಲಿನಲ್ಲಿದ್ದರು. "ಖರೇನ? ಇನ್ನೊಮ್ಮೆ ಹೇಳು," ಅನ್ನುವಷ್ಟರಲ್ಲಿ ಸಿಗ್ನಲ್ ಹೋಯಿತು. ಮತ್ತೆ ಹಚ್ಚಿದೆ.