ಜುಮಾಲಿ ಬಿಟ್ಟುಹೋದ ಇನ್ಸುಲಿನ್

ನರಿನ್ ಕಣಿವೆಯ ಆ ಊರಿಗೆ ಗುಲ್ಬಾರಾ ದಕ್ಷಿಣದ ಓಶ್ ನಗರದ ಕಡೆಯಿಂದ ಬಂದವಳು. ಔಷಧಿ ಅಂಗಡಿಯ ಮೇಜಿನ ಹಿಂದೆ ನಿಂತೇ ತಲೆ ನರೆಯಿತು. ಮದುವೆಯ ಮಾತು ಒಂದೆರಡು ಸಲ ಬಂದು ಹಾಗೇ ಸರಿದುಹೋಗಿತ್ತು. ಊರವರು ಅವಳಿಗೆ ಮರ್ಯಾದೆ ಕೊಡುತ್ತಿದ್ದರು, ಹತ್ತಿರ ಕೂರುತ್ತಿರಲಿಲ್ಲ. ವೈದ್ಯರ ಚೀಟಿಯಿಲ್ಲದೆ ಗುಳಿಗೆ ಕೊಡದವಳ ಜೊತೆ ಯಾರಿಗೆ ಏನು ಹರಟೆ? ಬಜಾರಿನ ತಗಡಿನಂಗಡಿಯಲ್ಲಿ ಕೇಳಿದ ಔಷಧಿ ಸಿಗುತ್ತಿತ್ತು, ಜೊತೆಗೆ ಒಂದು ನಗುವೂ ಸಿಗುತ್ತಿತ್ತು.

ಅವಳಿಗೆ ಸದಾ ತೆರೆದಿದ್ದುದು ಗೋಡೆಯಾಚೆಯ ಕಾಲಿಪಾಳ ಮನೆಯೊಂದೇ. ಗುಲ್ಬಾರಾ ತನಗಿಂತ ಹಿರಿಯಳಾದ ಕಾಲಿಪಾಳನ್ನು ಎಜೆ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದಳು. ಸಂಜೆ ಅಂಗಡಿಗೆ ಬೀಗ ಹಾಕಿದರೆ ಕಾಲು ತಾನಾಗಿ ಅತ್ತ ತಿರುಗುತ್ತಿತ್ತು. ಕಾಲಿಪಾಳ ಗಂಡ ಜುಮಾಲಿ, ಸಕ್ಕರೆ ಕಾಯಿಲೆಯವನು, ಗುಲ್ಬಾರಾಳನ್ನು ಕಂಡೊಡನೆ ಶುರು ಮಾಡುತ್ತಿದ್ದ: "ಬಂತಪ್ಪಾ ಸರ್ಕಾರ! ನಮ್ಮ ಚಹಾದ ಮೇಲೆ ಅವಧಿ ಮುಗಿಯೋ ತಾರೀಖು ಬರೆದಿಲ್ಲ ಕಣಮ್ಮಾ, ಕುಡೀತೀಯೋ?"

ಆ ಚಳಿಗಾಲದಲ್ಲಿ ಜುಮಾಲಿ ತೀರಿಕೊಂಡ. ಹೃದಯ ನಿಂತಿತು ಎಂದರು ಡಾಕ್ಟರು. ಮಣ್ಣು ಮಾಡಿದ ಮೇಲೆ ಅವನ ಬಟ್ಟೆಬರೆ ಹಂಚಿದರು. ಕೋಟು ತಮ್ಮನಿಗೆ ಹೋಯಿತು, ಟೋಪಿ ಹೆಣ ತೊಳೆದವನಿಗೆ. ಕೆಲವು ದಿನ ಕಳೆದು ಕಾಲಿಪಾ ಬಿಳಿ ಬಟ್ಟೆಯ ಗಂಟೊಂದನ್ನು ತಂದು ಅಂಗಡಿಯ ಮೇಜಿನ ಮೇಲಿಟ್ಟಳು.

"ಅವರ ಇನ್ಸುಲಿನ್ ಕಣೇ. ಸೀಲೂ ಒಡೆದಿಲ್ಲ. ಆ ಕುದುರೆ ಕಾಯೋ ಇಸಾಬೆಕ್‌ಗೆ ಕೊಡು. ಹಿಮ ಬಿದ್ದು ದಾರಿ ಮುಚ್ಚಿದೆ, ನಿನ್ನ ಹತ್ರಾನೂ ಖಾಲಿಯಂತೆ. ಅವರ ಹೆಸರಲ್ಲಿ ಒಂದು ಜೀವ ಉಳೀಲಿ."

ಗುಲ್ಬಾರಾ ಗಂಟು ಬಿಚ್ಚಿದಳು. ಕೇಳಬೇಕಾದ್ದನ್ನು ಕೇಳಿದಳು.

"ಎಲ್ಲಿಟ್ಟಿದ್ರಿ ಎಜೆ?"

"ಎಲ್ಲಿಡ್ತಾರೆ? ಕಿಟಕೀಲಿ, ಎರಡು ಗಾಜಿನ ಮಧ್ಯ. ಬೆಣ್ಣೆ, ಮಾಂಸ ಎಲ್ಲಾ ಅಲ್ಲೇ ಇರೋದು. ಈ ಚಳೀಲಿ ಯಾವ ಹುಚ್ಚರು ಫ್ರಿಜ್ ಹಾಕ್ತಾರೆ? ತಣ್ಣಗಿಡಿ ಅಂತ ನೀನೇ ಅಲ್ವಾ ಹೇಳಿದ್ದು?"

ಹೌದು, ಅವಳೇ ಹೇಳಿದ್ದಳು. ಬರುವವರಿಗೆಲ್ಲ ಹಾಗೇ ಹೇಳುತ್ತಿದ್ದಳು. ಹೆಪ್ಪುಗಟ್ಟಬಾರದು ಎಂದು ಬಾಯಿಬಿಟ್ಟು ಹೇಳಿರಲಿಲ್ಲ. ಸೀಸೆಯೊಂದನ್ನು ಬೆಳಕಿಗೆ ಹಿಡಿದಳು. ಒರತೆಯ ನೀರಿನಷ್ಟು ತಿಳಿ. ಭಯ ಇದ್ದದ್ದೇ ಅಲ್ಲಿ. ಹೆಪ್ಪುಗಟ್ಟಿ ಕರಗಿದ ಇನ್ಸುಲಿನ್ ನೋಡಲು ಒಳ್ಳೆಯದರಂತೆಯೇ ಇರಬಹುದು, ಅದನ್ನು ನಂಬುವಂತಿಲ್ಲ. ಎರಡೂ ಕೈಯಲ್ಲಿ ಇಸಿದುಕೊಂಡು, ಎಜೆ ಹೋದ ಮೇಲೆ ಚೆಲ್ಲಿಬಿಡಬಹುದಿತ್ತು. ಆದರೆ ಸಂಜೆಯೊಳಗೆ ಇಸಾಬೆಕನಿಗೆ ಸುದ್ದಿ ಮುಟ್ಟುತ್ತದೆ. ಅವನು ಆಸೆಯಿಂದ ಬಂದು ನಿಲ್ಲುತ್ತಾನೆ.

"ಎಜೆ, ಇದು ಹೆಪ್ಪುಗಟ್ಟಿ ಕರಗಿರೋದು. ಇನ್ನು ಯಾರಿಗೂ ಕೊಡೋಕಾಗಲ್ಲ. ಔಷಧಿ ತಗೊಂಡೆ ಅಂತ ಇಸಾಬೆಕ್ ನೆಮ್ಮದಿಯಾಗಿರ್ತಾನೆ, ಮೈಯೊಳಗೆ ಸಕ್ಕರೆ ಏರ್ತಾನೇ ಇರುತ್ತೆ."

ಕಾಲಿಪಾ ಗಂಟನ್ನೇ ನೋಡುತ್ತ ನಿಂತಳು.

"ಅವರು ಕೊನೇಲಿ ಚುಚ್ಚಿಕೊಂಡಿದ್ದೂ ಈ ಕಿಟಕೀದೇ ಅಲ್ವೇನೇ?"

"ಡಾಕ್ಟರು ಹೃದಯ ಅಂದಿದ್ದಾರೆ."

"ನಾನು ಕೇಳಿದ್ದು ನಿನ್ನ."

ಇಲ್ಲ ಎಜೆ, ಅದರಿಂದಲ್ಲ ಎಂದರೆ ಸಾಕಿತ್ತು. ನಾಲಿಗೆಯ ತುದಿಯವರೆಗೂ ಬಂತು. "ಗೊತ್ತಿಲ್ಲ" ಎಂದಳು ಗುಲ್ಬಾರಾ. "ಹೇಗಿಡಬೇಕು ಅಂತ ನಾನು ಸರಿಯಾಗಿ ಹೇಳಬೇಕಿತ್ತು."

"ಒಂದು ಸುಳ್ಳು ಹೇಳೋಕೂ ಆಗಲಿಲ್ವಾ ನಿನಗೆ?"

ಕಾಲಿಪಾ ಹೋದಳು. ಗಂಟು ಅಲ್ಲೇ ಉಳಿಯಿತು.

ಗುಲ್ಬಾರಾ ಪೇಟೆಯ ಔಷಧಿ ಮಳಿಗೆಗೆ ಫೋನು ಮಾಡಿ ಕಾಡಿದಳು. ದಾರಿಯ ಹಿಮ ಸರಿಸಿದೊಡನೆ ಹೊರಟ ಲಾರಿಯ ಚಾಲಕ ಹೊಸ ಇನ್ಸುಲಿನ್ ಅನ್ನು ಕೋಟಿನೊಳಗೆ ಇಟ್ಟುಕೊಂಡು ತಂದ. ಇಸಾಬೆಕನ ಬಳಿಯಿದ್ದದ್ದು ಮುಗಿಯುವ ಮೊದಲೇ ಅದು ಅವನ ಕೈ ಸೇರಿತು. ಆಮೇಲೆ ಅವಳು ಸಕ್ಕರೆ ಕಾಯಿಲೆಯವರ ಮನೆಮನೆಗೂ ಹೋಗಿ ಕಿಟಕಿಯಲ್ಲಿದ್ದುದನ್ನು ತೆಗೆಸಿದಳು, ಒಳಗೋಡೆಯ ಪಕ್ಕ ಎಲ್ಲಿಡಬೇಕೆಂದು ಕೈಯಾರೆ ತೋರಿಸಿದಳು. "ಇಷ್ಟು ದಿನ ಚೀಟಿ ಕೇಳ್ತಿದ್ಲು, ಈಗ ಕಿಟಕೀನೂ ಇಣುಕಿ ನೋಡ್ತಾಳೆ" ಎಂದು ಊರು ನಕ್ಕಿತು. ಕಾಲಿಪಾಳ ಕದ ಮಾತ್ರ ಎಷ್ಟು ತಟ್ಟಿದರೂ ತೆರೆಯಲಿಲ್ಲ. ಒಳಗೆ ಚಹಾ ಕಾಯಿಸುವ ಸಮೋವರ್ ಕುದಿಯುವ ಸದ್ದು ಕೇಳುತ್ತಿತ್ತು.

ಗುರುವಾರ ಗೋಡೆಯಾಚೆಯಿಂದ ಕಾದ ಎಣ್ಣೆಯ ವಾಸನೆ ತೇಲಿಬಂತು. ಸತ್ತವರಿಗೆ ಆ ವಾಸನೆ ಮುಟ್ಟಲೆಂದು ರೊಟ್ಟಿ ಕರಿಯುತ್ತಾರೆ, ಅಕ್ಕಪಕ್ಕದವರಿಗೆ ಹಂಚುತ್ತಾರೆ. ಗುಲ್ಬಾರಾ ಬಾಗಿಲ ಬಳಿಯೇ ಸುಳಿದಾಡಿದಳು. ತಟ್ಟೆ ಬರಲಿಲ್ಲ. ಕೊನೆಗೆ ತಾನೇ ಹಿಟ್ಟು ಕಲಸಿ, ಎಣ್ಣೆ ಕಾಯಿಸಿ, ಜುಮಾಲಿಯ ಹೆಸರು ಹೇಳಿ ಕರಿದಳು. ತಟ್ಟೆಯನ್ನು ಅಂಗಡಿಗೆ ಒಯ್ದು ಮೇಜಿನ ಮೇಲಿಟ್ಟಳು.

ಸೂಜಿ ಕೊಳ್ಳಲು ಇಸಾಬೆಕ್ ಬಂದ. "ಯಾರ ಹೆಸರಲ್ಲಿ ಎಜೆ?"

"ಜುಮಾಲಿ ಅಣ್ಣನ ಹೆಸರಲ್ಲಿ. ಒಂದೇ ತಿನ್ನು, ನಿನ್ನ ಸಕ್ಕರೆಗೆ."

"ಅವರ ಮನೇದು ಬೆಳಿಗ್ಗೇನೇ ಬಂತಲ್ಲ! ಎಲ್ಲರ ಮನೆಗೂ ಕೊಟ್ರು. ನಿಮಗೆ ಬಂದಿಲ್ವಾ?"

"ಸೂಜಿ ಸಣ್ಣದೇ ಬೇಕು ತಾನೇ?" ಎಂದು ಗುಲ್ಬಾರಾ ಕಪಾಟಿನತ್ತ ತಿರುಗಿದಳು.

ಅವನು ರೊಟ್ಟಿ ತಿಂದು, ಅಂಗೈಗಳಿಂದ ಮುಖ ಸವರಿ ಪ್ರಾರ್ಥನೆ ಮುಗಿಸಿ ಹೊರಟ. ಆಮೇಲೆ ಯಾರೂ ಬರಲಿಲ್ಲ. ಅಂಗಡಿ ಮುಚ್ಚುವ ಹೊತ್ತಿಗೆ ಎಣ್ಣೆ ತಟ್ಟೆಗೆ ಹೆಪ್ಪಾಗಿ ಅಂಟಿಕೊಂಡಿತ್ತು. ಅವಳು ಅದಕ್ಕೆ ಬಟ್ಟೆ ಮುಚ್ಚಿ ಮನೆಗೆ ಹೊತ್ತುಕೊಂಡು ಹೋದಳು.