ಮಜ್ಜಿಗೆಯಲ್ಲಿ ಸರ್ಪಗಂಧಿ

ಐವತ್ತರ ದಶಕದಲ್ಲಿ ನಾನು ಔಷಧಿ ಗಿಡಗಳ ಪ್ರಯೋಗಾಲಯವೊಂದರಲ್ಲಿ ಸಹಾಯಕನಾಗಿದ್ದೆ. ಸರ್ಪಗಂಧಿ ಬೇರು ರಕ್ತದೊತ್ತಡ ಇಳಿಸುತ್ತದೆ ಅಂತ ಆಗ ಎಲ್ಲೆಲ್ಲೂ ಸಂಶೋಧನೆ. ಕೆಂಗೇರಿಯ ರೈತರೊಬ್ಬರ ಮನೆಯಲ್ಲಿ ಅದಿದೆ ಎಂದು ಕೇಳಿ ಹೋದೆ.

ಯಜಮಾನರು ಜಗಲಿಯ ಮೇಲೆ ಹಸುವಿನ ಹಾಗೆ ಸಾಧುವಾಗಿ ಕೂತಿದ್ದರು. ಅವರ ಹೆಂಡತಿ ನನ್ನನ್ನು ಒಳಗೆ ಕರೆದು, ಬೇರಿನ ಪುಡಿಯ ಡಬ್ಬಿ ತೆಗೆದರು. "ನಮ್ಮೆಜಮಾನ್ರಿಗೆ ಮೊದಲು ಮೂಗಿನ ತುದೀಲೇ ಕೋಪ ಕಣಪ್ಪ. ಗೊತ್ತಾಗದ ಹಾಗೆ ದಿನಾ ಮಜ್ಜಿಗೇಲಿ ಒಂದು ಚಮಚ ಹಾಕ್ತೀನಿ. ಎಂಟು ವರ್ಷದಿಂದ ಒಂದು ಎದುರು ಮಾತಿಲ್ಲ!"

ಇಂಥ ಪುರಾವೆ ಯಾವ ವಿಜ್ಞಾನಿಗೆ ಸಿಕ್ಕೀತು! ಖುಷಿಯಿಂದ ಒಂದು ಪೊಟ್ಟಣ ಕಟ್ಟಿಸಿಕೊಂಡು ಹೊರಟೆ. ಬೇಲಿ ದಾಟುವಷ್ಟರಲ್ಲಿ ಯಜಮಾನರು ಹಿಂದೆಯೇ ಓಡಿಬಂದರು.

"ಸ್ವಾಮಿ, ಅದು ಬರೀ ಬೇವಿನ ತೊಗಟೆ ಪುಡಿ. ಬೇರಿನ ಪುಡಿ ಕುಡಿದ್ರೆ ಹೊಲದಲ್ಲೇ ನಿದ್ದೆ ಬರ್ತಿತ್ತು, ಅದಕ್ಕೆ ನಾನೇ ಬದಲಾಯಿಸಿಟ್ಟೆ. ಅಸಲಿ ಗಿಡ ಬಾವಿ ಹತ್ರ ಇದೆ, ಬನ್ನಿ."

"ಮತ್ತೆ ನಿಮ್ಮ ಕೋಪ?"

"ಕೂಗಾಡಿದ್ರೆ ಎರಡು ಚಮಚ ಹಾಕ್ತಾಳೆ ಸ್ವಾಮಿ. ಬೇವು ಎಷ್ಟು ಕಹಿ ಗೊತ್ತಾ?"

ಹೆಂಡತಿಗೆ ಹೇಳಬಾರದೆಂದು ಆಣೆ ಮಾಡಿಸಿಕೊಂಡೇ ಬೇರು ಅಗೆದು ಕೊಟ್ಟರು. ಪ್ರಯೋಗಾಲಯದಲ್ಲಿ ಅದನ್ನು ಇಲಿಗಳ ಮೇಲೆ ಪರೀಕ್ಷಿಸಿದೆವು. ಇಲಿಗಳಿಗೆ ಮದುವೆಯಾಗಿರಲಿಲ್ಲ, ಹಾಗಾಗಿ ಫಲಿತಾಂಶ ನಂಬುವಂತಿತ್ತು.